ಆಡು ಮೆಲುಕು ನಿಲ್ಲಿಸಿದಾಗ

ಲಾಸ್ ಗ್ಯಾಟೋಸ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ 'ಬೆಕ್ಕುಗಳು' ಎಂದರ್ಥ. ಬೆಕ್ಕುಗಳ ಊರಿಗೆ ಬಂದು ಆಡು ಸಾಕಿದವರು ನಾವು. ನಮ್ಮ ಹಿತ್ತಲಿನ ಇಳಿಜಾರಿನ ಹುಲ್ಲು ಬೇಸಿಗೆಯಲ್ಲಿ ಕಾಡ್ಗಿಚ್ಚಿಗೆ ಮೇವಾಗುವ ಬದಲು ಆಡಿಗೆ ಮೇವಾಗಲಿ, ಮಕ್ಕಳಿಗೂ ಜೊತೆಯಾದೀತು ಎಂದು ನಾಲ್ಕು ವರ್ಷಗಳ ಹಿಂದೆ ನೈಜೀರಿಯನ್ ಡ್ವಾರ್ಫ್ ಜಾತಿಯ ಎರಡು ಮರಿಗಳನ್ನು ತಂದೆವು. ಪಶ್ಚಿಮ ಆಫ್ರಿಕದ ಮೂಲದ ಈ ಗಿಡ್ಡ ಆಡುಗಳು ಬೆಳೆದರೂ ಸುಮಾರು ಎರಡಡಿ ಎತ್ತರ. ಬೀಜ ಒಡೆಸಿದ ಹೋತಕ್ಕೆ ಗುಂಡ ಎಂದೂ ಹೆಣ್ಣಿಗೆ ಪುಟ್ಟಿ ಎಂದೂ ಮಕ್ಕಳು ಹೆಸರಿಟ್ಟರು. ಆಡು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಸಾಕಿದರೆ ಎರಡಾದರೂ ಬೇಕು.

ಪುಟ್ಟಿ ಇದ್ದಾಳೆ. ಗುಂಡ ಇಲ್ಲ. ಅವನು ಏಕೆ ಹೋದ ಎಂಬುದನ್ನು ಹೇಳಿದರೆ ನಮ್ಮ ಬಂಧುಗಳಲ್ಲಿ ಆಡು ಸಾಕಿದವರಿಗೂ ಸಾಕಬೇಕೆಂದಿರುವವರಿಗೂ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ. ತಪ್ಪು ನನ್ನದೇ.

ಕಳೆದ ವರ್ಷ ಯುಗಾದಿ ಊಟಕ್ಕೆ ಸ್ನೇಹಿತರು ಬಂದಿದ್ದರು. ಮಾರನೆಯ ಸಂಜೆ ಗುಂಡ ಬೇಲಿಯ ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ. ಹಿಂಗಾಲು ಚಾಚಿ ತಿಣುಕುತ್ತಿದ್ದ, ಬಾಲ ಅದುರಿಸುತ್ತಿದ್ದ, ನಡುನಡುವೆ ನರಳುತ್ತಿದ್ದ. "ಅತಿಥಿಗಳು ಹೋಳಿಗೆ ಹಾಕಿರಬೇಕು, ಮಲಬದ್ಧತೆ" ಎಂದು ನಾನು ತೀರ್ಮಾನಿಸಿದೆ. ಆಗ ನಮ್ಮಲ್ಲಿಗೆ ಬಂದಿದ್ದ ಅಮ್ಮ ಶಿರಾ ತಾಲ್ಲೂಕಿನ ಹಳ್ಳಿಯಲ್ಲಿ ಆಡು ಕುರಿಗಳ ನಡುವೆಯೇ ಬೆಳೆದವರು. ಸ್ವೆಟರು ಹಾಕಿಕೊಂಡು ಹಿತ್ತಲಿಗೆ ಬಂದು ಸ್ವಲ್ಪ ಹೊತ್ತು ನೋಡಿದರು.

"ಮೆಲುಕೇ ಹಾಕ್ತಿಲ್ಲವಲ್ಲೋ. ಹಿಕ್ಕೆ ಇಲ್ಲೇ ಬಿದ್ದಿದೆ. ಉಚ್ಚೆ ಹುಯ್ದಿದ್ದು ನೋಡಿದ್ಯಾ?"

ನೋಡಿರಲಿಲ್ಲ. "ಬೆಳಿಗ್ಗೆ ನೋಡೋಣ ಬಿಡಮ್ಮ" ಎಂದೆ. ಬೆಳಿಗ್ಗೆ ಫೋನ್ ಮಾಡಿದ ಮೊದಲ ಪಶುವೈದ್ಯಾಲಯದವರು ತಾವು ನಾಯಿ ಬೆಕ್ಕುಗಳನ್ನು ಮಾತ್ರ ನೋಡುವುದೆಂದರು. ಆಡನ್ನು ನೋಡುವ ವೈದ್ಯರನ್ನು ಹುಡುಕಿ ತಲುಪುವಾಗ ಮಧ್ಯಾಹ್ನವಾಗಿತ್ತು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಮೂತ್ರಕೋಶ ಒಡೆದಿತ್ತು. ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸುವುದೊಂದೇ ಉಳಿದಿತ್ತು.

ಆಮೇಲೆ ಓದಿ ತಿಳಿದದ್ದು ನನ್ನ ವೃತ್ತಿಗೇ ಸೇರಿದ ವಿಷಯ. ಧಾನ್ಯದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಆಡಿನ ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದ ಎರಡರಷ್ಟಾದರೂ ಇರಬೇಕು. ಇದು ತಲೆಕೆಳಗಾದರೆ ಹೆಚ್ಚಿನ ರಂಜಕ ಮೂತ್ರಕ್ಕೆ ಬಂದು, ಮೆಗ್ನೀಸಿಯಂ ಮತ್ತು ಅಮೋನಿಯಂ ಜೊತೆ ಸೇರಿ ಸ್ಟ್ರುವೈಟ್ ಎಂಬ ಹರಳಾಗುತ್ತದೆ. ಆಡಿನ ಮೂತ್ರ ಸಹಜವಾಗಿ ಕ್ಷಾರೀಯ. ಕ್ಷಾರದಲ್ಲಿ ಈ ಹರಳು ಕರಗುವುದಿಲ್ಲ. ಹೆಣ್ಣಿನ ಮೂತ್ರನಾಳ ಗಿಡ್ಡ ಮತ್ತು ಅಗಲ, ಆದ್ದರಿಂದ ಹರಳು ಹೊರಗೆ ಹೋಗುತ್ತದೆ. ಗಂಡಿನದು ಉದ್ದ, ಇಕ್ಕಟ್ಟು. ಎಳೆಯದರಲ್ಲೇ ಬೀಜ ಒಡೆಸಿದರೆ ಇನ್ನೂ ಇಕ್ಕಟ್ಟು. ನಮ್ಮ ಮಕ್ಕಳು ಪ್ರೀತಿಯಿಂದ ದಿನಾ ಒಂದೊಂದು ಡಬ್ಬಿ ಧಾನ್ಯ ಹಾಕುತ್ತಿದ್ದರು. ನಾನೇ ಒಪ್ಪಿಗೆ ಕೊಟ್ಟಿದ್ದೆ. ಮೂತ್ರವನ್ನು ಆಮ್ಲೀಯವಾಗಿಸಲು ಹೋತಗಳ ಮೇವಿನಲ್ಲಿ ಬೆರೆಸುವ ಲವಣ ಅಮೋನಿಯಂ ಕ್ಲೋರೈಡ್. ಅದರ ಸೀಸೆ ನನ್ನ ಪ್ರಯೋಗಾಲಯದ ಕಪಾಟಿನಲ್ಲಿ ವರ್ಷಗಳಿಂದ ಕುಳಿತಿತ್ತು! ಆದರೆ ಅದು ಮುನ್ನೆಚ್ಚರಿಕೆಗೆ ಮಾತ್ರ. ನಾಳ ಮುಚ್ಚಿಹೋದ ಮೇಲೆ ವೈದ್ಯರ ಕೈಯೇ ಬೇಕು. ಕಲ್ಲು ಅನೇಕ ವೇಳೆ ಶಿಶ್ನದ ತುದಿಯ ಸಣ್ಣ ಎಳೆಯಂಥ ಭಾಗದಲ್ಲಿ ಸಿಕ್ಕಿಕೊಂಡಿರುತ್ತದೆ. ಬೇಗ ಕರೆದೊಯ್ದರೆ ವೈದ್ಯರು ಅದನ್ನು ಕತ್ತರಿಸಿ ದಾರಿ ಬಿಡಿಸಬಲ್ಲರು. ತಿಣುಕುವ ಹೋತಕ್ಕೆ ಮೂತ್ರ ಬರುತ್ತಿದೆ ಎಂದು ಕಣ್ಣಾರೆ ನೋಡುವ ತನಕ ಅದನ್ನು ಮಲಬದ್ಧತೆ ಎನ್ನಬೇಡಿ.

ದಿನಾ ನೋಡಬೇಕಾದದ್ದು

ಆಡು ಬೇಟೆಗೆ ಸಿಕ್ಕುವ ಪ್ರಾಣಿ. ನೋವನ್ನು ಮುಚ್ಚಿಡುವುದು ಅದರ ಹುಟ್ಟುಗುಣ. ಅದು ಬಿದ್ದ ಮೇಲೆ ನೋಡಿದರೆ ತಡವಾಗಿರುತ್ತದೆ. ಚೆನ್ನಾಗಿರುವಾಗ ಹೇಗಿರುತ್ತದೆ ಎಂದು ತಿಳಿದಿದ್ದರೆ ಮಾತ್ರ ಚೆನ್ನಾಗಿಲ್ಲದ್ದು ಕಾಣುತ್ತದೆ. ಅಮ್ಮ ಮಾಡುತ್ತಿದ್ದುದು ಇಷ್ಟೇ: ಬೆಳಿಗ್ಗೆ ಕಾಫಿ ಲೋಟ ಹಿಡಿದು ಐದು ನಿಮಿಷ ಸುಮ್ಮನೆ ನೋಡುವುದು.

ಮೇವು ಹಾಕಿದಾಗ ಓಡಿ ಬಂತೇ? ಮಲಗಿದಾಗ ಮೆಲುಕು ಹಾಕುತ್ತಿದೆಯೇ? ಹಿಕ್ಕೆ ಬಿಡಿಬಿಡಿಯಾಗಿ, ಗಟ್ಟಿಯಾಗಿ ಇದೆಯೇ? ಗುಂಪು ಬಿಟ್ಟು ನಿಲ್ಲುವುದು, ಕಿವಿ ಜೋಲುವುದು, ಕೂದಲು ನಿಗುರಿ ನಿಲ್ಲುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತುವುದು, ಇವೆಲ್ಲ ಅದು ಹೇಳುವ ದೂರುಗಳು.

ಒಂದು ಥರ್ಮಾಮೀಟರು ಇಟ್ಟುಕೊಳ್ಳಿ, ಗುದದ್ವಾರದಲ್ಲಿ ಅಳೆಯಬೇಕು. ಆಡಿನ ಮೈ ನಮ್ಮದಕ್ಕಿಂತ ಬಿಸಿ: 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮ್ಮ ಲೆಕ್ಕದಲ್ಲಿ ಜ್ವರವೆನಿಸುವ 102 ಅದಕ್ಕೆ ಆರೋಗ್ಯ. ಬದಲಿಗೆ 99ಕ್ಕೆ ಇಳಿದರೆ ಗಾಬರಿಪಡಬೇಕು. ನಾಡಿ ನಿಮಿಷಕ್ಕೆ 70ರಿಂದ 90, ಉಸಿರು 15ರಿಂದ 30. ಎಡಪಕ್ಕೆಯಲ್ಲಿ, ಪಕ್ಕೆಲುಬು ಮುಗಿದ ಕಡೆಯ ಕುಳಿಯಲ್ಲಿ ಮುಷ್ಟಿ ಒತ್ತಿ ಹಿಡಿದರೆ ಮೊದಲ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಮಗುಚುವುದು ಕೈಗೆ ತಿಳಿಯುತ್ತದೆ. ತಿಳಿಯದಿದ್ದರೆ ಹೊಟ್ಟೆ ನಿಂತಿದೆ ಎಂದರ್ಥ. ಆ ಕುಳಿ ತುಂಬಿ ತಮಟೆಯಂತೆ ಬಿಗಿದಿದ್ದರೆ ಹೊಟ್ಟೆಯುಬ್ಬರ. ಅದಕ್ಕೆ ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಕೆಳಗಣ ಕಣ್ಣುರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಾಗಿದ್ದರೆ ಕ್ಷೇಮ, ಬಿಳಿಚಿದ್ದರೆ ಜಂತುಹುಳು ರಕ್ತ ಹೀರುತ್ತಿರಬಹುದು. ದಕ್ಷಿಣ ಆಫ್ರಿಕದಲ್ಲಿ ಇದಕ್ಕೆಂದೇ ಫಮಾಚ ಎಂಬ ಐದು ಬಣ್ಣದ ಪಟ್ಟಿ ಮಾಡಿದ್ದಾರೆ; ಇಲ್ಲಿಯೂ ಅದು ಬಳಕೆಯಲ್ಲಿದೆ. ದವಡೆಯ ಕೆಳಗೆ ನೀರು ತುಂಬಿದ ಊತವೂ ಇದೇ ಹುಳುವಿನ ಗುರುತಾಗಿರಬಹುದು.

ಆಡು ಮುಟ್ಟಬಾರದ ಸೊಪ್ಪು

'ಆಡು ಮುಟ್ಟದ ಸೊಪ್ಪಿಲ್ಲ' ಎಂಬ ಗಾದೆಯನ್ನು ಈ ಊರಿನಲ್ಲಿ ನಂಬಿ ಕೂರುವಂತಿಲ್ಲ. ಊರಲ್ಲಿ ದೇವರ ಪೂಜೆಗೆ ಬಿಡಿಸುವ ಕಣಗಿಲೆಯನ್ನು ಕ್ಯಾಲಿಫೋರ್ನಿಯದವರು ಹೆದ್ದಾರಿಗಳ ನಡುವೆ ಮೈಲಿಗಟ್ಟಲೆ ನೆಟ್ಟಿದ್ದಾರೆ, ಮನೆಯ ಬೇಲಿಗೂ ಹಾಕುತ್ತಾರೆ. ಅದರಲ್ಲಿರುವ ಒಲಿಯಾಂಡ್ರಿನ್ ಹೃದಯದ ಬಡಿತ ಕೆಡಿಸುವ ವಿಷ. ಹೃದ್ರೋಗಿಗಳಿಗೆ ಕೊಡುವ ಡಿಜಾಕ್ಸಿನ್‌ನ ಬಳಗದ್ದು. ಒಂದು ಹಿಡಿ ಎಲೆ ಆಡನ್ನು ಕೊಲ್ಲಬಲ್ಲದು. ಒಣಗಿದರೂ ವಿಷ ಹೋಗುವುದಿಲ್ಲ. ನೆರೆಯವರು ಬೇಲಿ ಕತ್ತರಿಸಿ 'ಆಡಿಗೆ ಆಗುತ್ತೆ' ಎಂದು ಈಚೆಗೆ ಎಸೆಯುವುದೇ ದೊಡ್ಡ ಅಪಾಯ. ಹೋಗಿ ಮೊದಲೇ ಹೇಳಿಬಿಡಿ. ಇಲ್ಲಿನ ತೋಟಗಳಲ್ಲಿ ಸಾಮಾನ್ಯವಾದ ಅಜೇಲಿಯ, ರೋಡೋಡೆಂಡ್ರಾನ್ ಕೂಡ ವಿಷವೇ; ತಿಂದ ಆಡು ಹಸಿರು ನೊರೆ ಕಾರಿ ವಾಂತಿ ಮಾಡುತ್ತದೆ.

ನಮ್ಮ ಅಡಿಗೆಮನೆಯೂ ಇದಕ್ಕೆ ಹೊರತಲ್ಲ. ಉಳಿದ ಅನ್ನ, ಚಪಾತಿ, ಹೋಳಿಗೆ ಒಮ್ಮೆಲೇ ಬಿದ್ದರೆ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಪಿಷ್ಟವನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಹೊಟ್ಟೆ ಹುಳಿಯಾಗಿ ಆಡು ನೆಲ ಹಿಡಿಯುತ್ತದೆ. ಕರುಳುಬೇನೆಗೂ ಇದೇ ದಾರಿ. ಅದಕ್ಕೂ ಧನುರ್ವಾಯುವಿಗೂ ಸೇರಿಸಿ ಸಿ.ಡಿ.ಟಿ. ಎಂಬ ಲಸಿಕೆ ಇದೆ. ಮರಿಯಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು.

ಕಾಯಿಲೆ ಕಂಡಾಗ

1. ಧಾನ್ಯ ನಿಲ್ಲಿಸಿ, ಒಣಹುಲ್ಲು ಮತ್ತು ನೀರು ಮುಂದಿಡಿ. ಜೊತೆಯ ಆಡು ಕಾಣುವಂತೆ ಬೇರೆ ಕಟ್ಟಿ.

2. ಜ್ವರ, ಉಸಿರು, ಮೆಲುಕು, ಹಿಕ್ಕೆ, ಮೂತ್ರ ಇವನ್ನು ಗಂಟೆ ಸಹಿತ ಬರೆದಿಡಿ. ವೈದ್ಯರು ಫೋನಿನಲ್ಲಿ ಮೊದಲು ಕೇಳುವುದೇ ಇದನ್ನು.

3. ನೆಲ ಹಿಡಿದ ಆಡಿನ ಬಾಯಿಗೆ ಎಣ್ಣೆ, ಕಷಾಯ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

4. ಮನೆಯಲ್ಲಿ ಉಳಿದ ಔಷಧಿ ಹಾಕಬೇಡಿ. ಜಾನುವಾರುಗಳ ಮುಖ್ಯ ಆಂಟಿಬಯಾಟಿಕ್‌ಗಳಿಗೆ ಕ್ಯಾಲಿಫೋರ್ನಿಯದಲ್ಲಿ 2018ರಿಂದ, ದೇಶಕ್ಕೆಲ್ಲ 2023ರಿಂದ ವೈದ್ಯರ ಚೀಟಿ ಬೇಕು. ಹಾಗಾಗಿ ವೈದ್ಯರ ಪರಿಚಯ ಮೊದಲೇ ಇರಬೇಕು.

5. ಆಡು ತರುವ ಮುಂಚೆಯೇ ಆಡು ನೋಡುವ ವೈದ್ಯರನ್ನು ಹುಡುಕಿ, ರಾತ್ರಿಯ ನಂಬರನ್ನೂ ಕೇಳಿಟ್ಟುಕೊಳ್ಳಿ. ಡೇವಿಸ್ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯಲ್ಲಿ ದೊಡ್ಡ ಪ್ರಾಣಿಗಳ ವಿಭಾಗವಿದೆ, ಆದರೆ ನಮ್ಮಿಂದ ಎರಡು ಗಂಟೆಯ ದಾರಿ. ವಿಷದ ಅನುಮಾನವಿದ್ದರೆ ಎ.ಎಸ್.ಪಿ.ಸಿ.ಎ. ವಿಷ ಮಾಹಿತಿ ಕೇಂದ್ರದವರು ಹಗಲಿರುಳು ಫೋನಿಗೆ ಸಿಗುತ್ತಾರೆ.

ಪುಟ್ಟಿ ಒಂದು ವಾರ ಬೇಲಿಯ ಅದೇ ಮೂಲೆಯಲ್ಲಿ ನಿಂತು ಕೂಗಿದಳು. ಈಗ ಅವಳಿಗೆ ಜೊತೆಗೆ ಚಿನ್ನಿ ಬಂದಿದ್ದಾಳೆ. ಅಮ್ಮ ಊರಿಗೆ ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಹೇಳಿದ ಕೊನೆಯ ಮಾತು ಮೊಮ್ಮಕ್ಕಳ ವಿಷಯದ್ದಲ್ಲ, "ಬೆಳಿಗ್ಗೆ ನೋಡೋಣ ಅನ್ನಬೇಡ ಕಣೋ" ಎಂಬುದು. ಈಗ ಬೆಳಗಿನ ಐದು ನಿಮಿಷ ನನ್ನ ಪಾಲಿನ ಕೆಲಸ. ಮುಂದಿನ ಯುಗಾದಿಗೆ ತಾವೆಲ್ಲ ಬನ್ನಿ, ಆಡುಗಳನ್ನು ನೋಡಿ, ಮುದ್ದಿಸಿ. ಹೋಳಿಗೆ ಮಾತ್ರ ನೀವೇ ತಿನ್ನಿ.