ದೇವರ ಫೋಟೊ ಹಿಂದಿನ ಸಂದು

ಮೋಟೆಬೆನ್ನೂರು, ಬ್ಯಾಡಗಿ ಕಡೆ ಗುಬ್ಬಿಯ ಮಾತೆದ್ದರೆ ಬೆರಳು ಮೊಬೈಲ್ ಟವರಿನತ್ತ ಹೋಗುತ್ತದೆ. ನೋಡಬೇಕಾದದ್ದು ಮನೆಯ ಗೋಡೆಯನ್ನು. ಗುಬ್ಬಿಗೆ ತೂತು ಕೊರೆಯಲು ಬಾರದು. ಸಿಕ್ಕ ಸಂದಿಗೆ ಹುಲ್ಲು, ನೂಲು, ಪುಕ್ಕ ತುಂಬಿ ಸಂಸಾರ ಹೂಡುತ್ತದೆ. ಮಾಳಿಗೆ ಮನೆಯಲ್ಲಿ ಜಂತಿಯ ತುದಿ ಮಣ್ಣಿನ ಗೋಡೆ ಸೇರುವಲ್ಲೆಲ್ಲ ಅಂಥ ಸಂದಿಗಳಿದ್ದವು. ಎಲ್ಲಕ್ಕಿಂತ ಸೊಗಸಾದದ್ದು ಪಡಸಾಲೆಯ ಫೋಟೊ. ನೆಲದ ಮೇಲೆ ಕೂತವರಿಗೂ ದೇವರು, ಹಿರಿಯರು ಕಾಣಲೆಂದು ಚೌಕಟ್ಟಿನ ಬುಡ ಗೋಡೆಗೆ ತಾಗಿಸಿ, ತಲೆ ಮುಂದಕ್ಕೆ ಬಾಗಿಸಿ ದಾರದಲ್ಲಿ ತೂಗುಹಾಕುತ್ತಿದ್ದರು. ಹಿಂದೆ ಮೇಲೆ ಅಗಲ, ಕೆಳಗೆ ಕಿರಿದಾದ ಜಾಗ ಉಳಿಯುತ್ತಿತ್ತು: ಹುಲ್ಲು ಜಾರದು, ಮಳೆ ತಾಗದು, ಬೆಕ್ಕಿಗೆ ಎಟುಕದು. ತಲೆಬಾಗಿಲು ಹಗಲಿಡೀ ತೆರೆದೇ ಇರುತ್ತಿತ್ತು. ಕಸ ಬೀಳುತ್ತದೆಂದು ಗೊಣಗಿದರೂ ಮೊಟ್ಟೆಯಿದ್ದ ಗೂಡಿಗೆ ಕೈಹಾಕುವವರು ಕಡಿಮೆ. ಗುಬ್ಬಿಗೆಂದೇ ಯೋಚಿಸಿ ಮಾಡಿದ್ದರೂ ಇಷ್ಟು ಚೆನ್ನಾಗಿರುತ್ತಿರಲಿಲ್ಲ ಎನ್ನಬೇಕು. ಈಗ ಫೋಟೊ ಗೋಡೆಗಂಟಿ ಕೂತಿದೆ, ಕಿಟಕಿಗೆ ಜಾಲರಿ ಬಂದಿದೆ, ಜಂತಿಯ ಜಾಗದಲ್ಲಿ ಸ್ಲ್ಯಾಬ್.

ಟವರಿನ ವಾದ ನಿಲ್ಲುವುದಿಲ್ಲ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2020ರ ವರದಿಯ ಪ್ರಕಾರ, ಸುಮಾರು 25 ವರ್ಷಗಳಲ್ಲಿ ದೇಶದಲ್ಲಿ ಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ. ಇಳಿದದ್ದು ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ. ಅದೇ ಅವಧಿಯಲ್ಲಿ ಟವರುಗಳು ಹಳ್ಳಿಗೂ ಬಂದವು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಮರಿಗೆ ಹುಳವೇ ಆಹಾರ, ಮೆಣಸಿನಕಾಯಿ ಹೊಲಕ್ಕೋ ಕೀಟದ ಎಣ್ಣೆ ಹೊಡೆಯುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಆದರೆ ಹುಳವನ್ನೇ ಉಣಿಸಿ ಮರಿ ಸಾಕುವ ಸಿಂಪಿಗ ಹಿತ್ತಲಿನ ಅಗಲ ಎಲೆಯನ್ನು ಹತ್ತಿಯೆಳೆಯಿಂದ ಹೊಲಿದು ಗೂಡು ಕಟ್ಟುತ್ತಲೇ ಇದೆ. ಪಿಕಳಾರ ದಾಸವಾಳದ ಪೊದೆಯಲ್ಲಿ, ಸೂರಕ್ಕಿ ತೆಳು ರೆಂಬೆಯ ತುದಿಯಲ್ಲಿ. ಗೋಡೆಯ ಹಂಗಿಲ್ಲದ ಇವುಗಳಿಗೆ ಗಿಡವಿದ್ದರೆ ಸಾಕು. ಹಾಗಾಗಿ ಎಣ್ಣೆಯೊಂದನ್ನೇ ದೂರುವಂತಿಲ್ಲ. ಹಳ್ಳಿಯಲ್ಲೂ ಮಣ್ಣಿನ ಮನೆ ಬೀಳುತ್ತಿವೆಯಲ್ಲ, ಅಲ್ಲಿ ಗುಬ್ಬಿ ಹೇಗೆ ಉಳಿಯಿತು ಎಂದರೆ, ಅಂಗಡಿಯ ಶಟರ್ ಪೆಟ್ಟಿಗೆ, ಮೀಟರ್ ಡಬ್ಬಿ, ಪೈಪಿನ ಬಾಯಿ ಯಾವುದಾದರೂ ಅದಕ್ಕೆ ಆದೀತು.

ಹೀಗಿರುವಾಗ ಗುಬ್ಬಿಗಾಗಿ ಸಸಿ ನೆಡುವ ಉತ್ಸಾಹ ಅರ್ಧ ದಾರಿ ತಪ್ಪಿದ್ದು. ಮಾರ್ಚ್ 20ರ ಗುಬ್ಬಿ ದಿನಕ್ಕೆ ಹಂಚುವ ಪೆಟ್ಟಿಗೆ ಕೆಲಸಕ್ಕೆ ಬರುತ್ತದೆ, ನಿಜ. ತೂತು 32 ಮಿಲಿಮೀಟರಿನಷ್ಟಿದ್ದರೆ ಸಾಕು, ತೀರ ದೊಡ್ಡದಾದರೆ ಗೊರವಂಕ ನುಗ್ಗುತ್ತದೆ. ಅದಕ್ಕಿಂತ ಅಗ್ಗದ ಉಪಾಯ ಹೊಸ ಮನೆ ಕಟ್ಟುವಾಗಲೇ ಇದೆ: ಮಳೆ ಹೊಡೆಯದ ಪೂರ್ವದ ಗೋಡೆಯಲ್ಲಿ, ಸೂರಿನಡಿ, ಒಂದು ಇಟ್ಟಿಗೆಯ ಜಾಗ ಖಾಲಿ ಬಿಡಲು ಗೌಂಡಿಗೆ ಹೇಳುವುದು. ಗಿಲಾವು ಮಾಡುವ ದಿನ ಮಾತ್ರ ಪಕ್ಕದಲ್ಲೇ ನಿಂತಿರಬೇಕು. ಇಲ್ಲದಿದ್ದರೆ ರೂಢಿಯಂತೆ ಅದನ್ನೂ ಮುಚ್ಚಿಬಿಡುತ್ತಾನೆ.