ಮಿದುಳಿನ ಬೈಪಾಸ್ ಶಸ್ತ್ರಕ್ರಿಯೆಯೂ ಕಾಲುವೆಯ ದೃಷ್ಟಾಂತವೂ

ಸೊರಬದ ಸೀಮೆಯ ಕುಬಟೂರು ತನ್ನ ಕೈಟಭೇಶ್ವರ ದೇವಾಲಯದಿಂದ ಇತಿಹಾಸಜ್ಞರಿಗೆ ಸುಪರಿಚಿತವಾದ ಗ್ರಾಮ. ಕೆರೆಗಳ ನಾಡಾದ ಆ ಸೀಮೆಯ ಬೇಸಾಯಗಾರನಿಗೆ ಒಂದು ವಿಷಯವನ್ನು ಯಾರೂ ಕಲಿಸಬೇಕಾದುದಿಲ್ಲ: ತೂಬಿನಿಂದ ಬರುವ ಕಾಲುವೆ ಕಟ್ಟಿಕೊಂಡರೆ, ಪಕ್ಕದ ಕಾಲುವೆಯಿಂದ ಕವಲು ತೋಡಿ ಗದ್ದೆಗೆ ನೀರು ಹಾಯಿಸಬೇಕು. ಸುಶ್ರುತಾಚಾರ್ಯರೂ ಶಾರೀರಸ್ಥಾನದಲ್ಲಿ ಸಿರೆಗಳಿಗೆ ಕಾಲುವೆಗಳ ಉಪಮೆಯನ್ನೇ ಕೊಟ್ಟಿರುತ್ತಾರೆ. ಮಿದುಳಿಗೆ ಹೊಸ ದಾರಿಯಿಂದ ರಕ್ತವನ್ನೊದಗಿಸುವ ಬೈಪಾಸ್ ಶಸ್ತ್ರಕ್ರಿಯೆಯನ್ನರಿಯಲು ಈ ದೃಷ್ಟಾಂತವು ಎಷ್ಟರಮಟ್ಟಿಗೆ ನೆರವಾಗುವುದು, ಎಲ್ಲಿ ದಾರಿ ತಪ್ಪಿಸುವುದು ಎಂಬುದನ್ನು ಇಲ್ಲಿ ವಿಚಾರಿಸುವೆವು.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು; ಆದರೂ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಕತ್ತಿನ ಮುಂಭಾಗದಲ್ಲಿ ಎರಡು, ಹಿಂಭಾಗದಲ್ಲಿ ಎರಡು, ಹೀಗೆ ನಾಲ್ಕು ಧಮನಿಗಳು ಅದಕ್ಕೆ ರಕ್ತವನ್ನೊಯ್ಯುತ್ತವೆ. ಇವು ಮಿದುಳಿನ ತಳದಲ್ಲಿ ಬಳೆಯಂತೆ ಕೂಡಿಕೊಂಡಿರುವುದರಿಂದ, ಒಂದು ಮುಚ್ಚಿದರೂ ಉಳಿದವು ಅನೇಕವೇಳೆ ಕೊರತೆಯನ್ನು ತುಂಬುವುವು. ತುಂಬಲಾರದಾದಾಗ ಪಕ್ಷಾಘಾತವು ಸಂಭವಿಸುವುದು.

ಕಿವಿಯ ಮುಂದೆ ಕಣತಲೆಯಲ್ಲಿ ಮಿಡಿಯುವ ಧಮನಿಯೊಂದುಂಟು. ಸುಶ್ರುತರು ಶಂಖವೆಂಬ ಮರ್ಮವನ್ನು ಹೇಳಿರುವುದು ಈ ಪ್ರದೇಶದಲ್ಲಿಯೇ. ನೆತ್ತಿಯ ಚರ್ಮವನ್ನು ಪೋಷಿಸುವ ಆ ಧಮನಿಯ ಕವಲನ್ನು ಬಿಡಿಸಿ, ತಲೆಬುರುಡೆಯಲ್ಲಿ ಕಿಂಡಿ ತೆರೆದು, ಮಿದುಳಿನ ಮೇಲ್ಮೈಯ ಸಣ್ಣ ಧಮನಿಯೊಂದಕ್ಕೆ ಹೊಲಿದು ಕೂಡಿಸುವುದೇ ಈ ಶಸ್ತ್ರಕ್ರಿಯೆ. ನೂಲು ತಲೆಗೂದಲಿಗಿಂತ ಸಣ್ಣದು. ಸೂಕ್ಷ್ಮದರ್ಶಕವಿಲ್ಲದೆ ಇದು ಅಸಾಧ್ಯ. 1967ರಲ್ಲಿ ಜೂರಿಕ್ ನಗರದಲ್ಲಿ ಯಾಶಾರ್ಗಿಲ್ ಎಂಬ ಶಸ್ತ್ರವೈದ್ಯರು ಇದನ್ನು ನೆರವೇರಿಸಿದರು.

ಇಷ್ಟರವರೆಗೆ ದೃಷ್ಟಾಂತವು ಸರಿಯಾಗಿ ಹೊಂದುವುದು. ಆದರೆ ದೃಷ್ಟಾಂತ ಮಾತ್ರದಿಂದ ಸಾಧ್ಯವು ಸಿದ್ಧಿಸದು, ವ್ಯಾಪ್ತಿಯೂ ಬೇಕೆಂಬುದು ನ್ಯಾಯಶಾಸ್ತ್ರವನ್ನೋದಿದವರೆಲ್ಲರಿಗೂ ತಿಳಿದ ಸಂಗತಿ. 1985ರಲ್ಲಿ ಅನೇಕ ದೇಶಗಳ 1377 ರೋಗಿಗಳ ಪರೀಕ್ಷೆಯ ಫಲವು ಪ್ರಕಟವಾಯಿತು. ಹೊಸ ಕಾಲುವೆಗಳಲ್ಲಿ ನೂರಕ್ಕೆ 96 ತೆರೆದೇ ಇದ್ದುವು. ಆದರೂ ಶಸ್ತ್ರಕ್ರಿಯೆಯಾದವರಲ್ಲಿ ಪಕ್ಷಾಘಾತವು ಕಡಮೆಯಾಗಲಿಲ್ಲ! ಮಿದುಳಿಗೆ ರಕ್ತ ಸಾಲದವರನ್ನೇ ಆರಿಸಿ ನಡೆಸಿದ ಮತ್ತೊಂದು ಪರೀಕ್ಷೆಯ ಫಲವು 2011ರಲ್ಲಿ ಹೊರಬಂದಿತು. ಅದರಲ್ಲಿ ಮೊದಲ 30 ದಿನಗಳೊಳಗೆ ಪಕ್ಷಾಘಾತಕ್ಕೊಳಗಾದವರು ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ 14.4, ಔಷಧವನ್ನು ಮಾತ್ರ ಪಡೆದವರಲ್ಲಿ 2. ಎರಡು ವರ್ಷಗಳ ಕೊನೆಗೆ ಉಭಯ ಪಕ್ಷಗಳೂ ಬಹುಮಟ್ಟಿಗೆ ಸಮಾನ.

ಕಾರಣವೇನು? ಗದ್ದೆ ನೀರಿನ ಕೊರತೆಯಿಂದಲೇ ಒಣಗುವುದು. ಪಕ್ಷಾಘಾತವಾದರೋ ಅನೇಕವೇಳೆ ಧಮನಿಯೊಳಗಿಂದ ಕಿತ್ತುಬಂದ ರಕ್ತದ ಹೆಪ್ಪಿನಿಂದ ಉಂಟಾಗುವುದು. ಮೇಲಾಗಿ ಕಾಲುವೆ ತೋಡಿದರೆ ಗದ್ದೆಗೆ ಗಾಯವಾಗದು. ಶಸ್ತ್ರಕ್ರಿಯೆಗೆ ತನ್ನದೇ ಆದ ಅಪಾಯವುಂಟು.

ಹಾಗೆಂದು ಇದನ್ನು ನಿಷ್ಫಲವೆನ್ನಲಾಗದು. ಮಿದುಳಿನ ತಳದ ಧಮನಿಗಳು ಕ್ರಮೇಣ ಮುಚ್ಚಿಹೋಗಿ, ಸಣ್ಣ ಕವಲುಗಳು ಹೊಗೆಯಂತೆ ಹಬ್ಬಿಕೊಳ್ಳುವ ವ್ಯಾಧಿಯೊಂದಕ್ಕೆ ಜಪಾನಿನ ವೈದ್ಯರು 1969ರಲ್ಲಿ ಮೊಯಮೊಯವೆಂದು ಹೆಸರಿಟ್ಟರು. ಅದರಲ್ಲಿ ನಿಜವಾದ ಕೊರತೆಯೇ ಮುಖ್ಯವಾದುದರಿಂದ, ಮಕ್ಕಳಿಗೂ ದೊಡ್ಡವರಿಗೂ ಈ ಶಸ್ತ್ರಕ್ರಿಯೆಯನ್ನು ಮಾಡುತ್ತಾರೆ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇಂಥ ರೋಗಿಗಳಿಗೆ ಇದು ನಡೆದಿದೆ.

ಆದಕಾರಣ ಕಾಲುವೆಯ ಉಪಮೆಯನ್ನು ಪಾಠ ಹೇಳುವವರು ಕೈಬಿಡಬೇಕಾಗಿಲ್ಲ. ಶಸ್ತ್ರಕ್ರಿಯೆಯ ರೀತಿಯನ್ನು ತಿಳಿಸಲು ಅದು ಸಾಕು. ರೋಗಿಗೆ ಅದು ಬೇಕೇ ಎಂಬುದನ್ನು ನಿರ್ಣಯಿಸಲು ಸಾಲದು. ಆ ನಿರ್ಣಯಕ್ಕೆ ಪರೀಕ್ಷೆಯೇ ಪ್ರಮಾಣ.