ಮೇಜಿನ ಮೇಲೊಂದು ಮೌರಿಟೇನಿಯಾ

ಹಳೆಯ ಕಾಲದ ಪ್ರಯಾಣಿಕ ಹಡಗಿನ ಮಾದರಿ ಮಾಡಿಸಲು ಹೊರಟವರು ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಇಸವಿ. ಹೆಸರು ಹೇಳಿದ ಮಾತ್ರಕ್ಕೆ ಹಡಗಿನ ರೂಪ ತೀರ್ಮಾನವಾಗುವುದಿಲ್ಲ.

ಕುನಾರ್ಡ್ ಕಂಪನಿಯ ‘ಮೌರಿಟೇನಿಯಾ’ವನ್ನೇ ನೋಡಬಹುದು. 1906ರಲ್ಲಿ ಇಂಗ್ಲೆಂಡಿನ ಟೈನ್ ನದಿಗೆ ಇಳಿದ ಈ 790 ಅಡಿಯ ಹಡಗು, ಅಟ್ಲಾಂಟಿಕ್ ದಾಟುವ ವೇಗದಲ್ಲಿ 1929ರವರೆಗೂ ತನ್ನ ಪಟ್ಟ ಬಿಟ್ಟುಕೊಡಲಿಲ್ಲ. ಮೊದಮೊದಲು ಅದರ ಒಡಲು ಕಪ್ಪು. ನಾಲ್ಕು ಕೆಂಪು ಹೊಗೆಕೊಳವೆಗಳಿಗೆ ಕಪ್ಪು ತಲೆ. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆ ಹಡಗಾದಾಗ ಬಿಳಿ ಬಳಿದರು. ಸೈನಿಕರನ್ನು ಹೊತ್ತಾಗ ಶತ್ರುವಿನ ಗುರಿ ತಪ್ಪಿಸುವ ಅಡ್ಡಾದಿಡ್ಡಿ ಚಿತ್ತಾರ ಬಂತು. ಕೊನೆಗಾಲದಲ್ಲಿ, ವಿಹಾರಯಾನಕ್ಕೆಂದು ಮತ್ತೆ ಬಿಳಿ. 1935ರಲ್ಲಿ ಸ್ಕಾಟ್ಲೆಂಡಿನ ರೋಸೈತ್‌ನಲ್ಲಿ ಅದನ್ನು ಗುಜರಿಗಾಗಿ ಒಡೆದರು. ಈಗ ಆಧಾರವೆಂದರೆ ನಕ್ಷೆಗಳು ಮತ್ತು ಛಾಯಾಚಿತ್ರಗಳು. ಒಂದು ಇಸವಿಯ ಬಣ್ಣಕ್ಕೆ ಇನ್ನೊಂದು ಇಸವಿಯ ದೋಣಿಸಾಲು ಸೇರಿಸಿದರೆ ಎಂದೂ ಸಮುದ್ರದಲ್ಲಿ ಇಲ್ಲದಿದ್ದ ಹಡಗು ಕೈಗೆ ಬರುತ್ತದೆ. ಇಂಥ ಮಾದರಿಗಳಲ್ಲಿ ಇದಕ್ಕಿಂತ ದೊಡ್ಡ ದೋಷ ಮತ್ತೊಂದಿಲ್ಲ.

ಮುಂದಿನದು ಅಳತೆ. ಹಡಗು ಕಟ್ಟುವ ಕಂಪನಿಗಳು ತಮಗಾಗಿ ಮಾಡಿಸುತ್ತಿದ್ದ ಮಾದರಿಗಳು ಹೆಚ್ಚಾಗಿ 1:48, ಅಂದರೆ ಅಡಿಗೆ ಕಾಲು ಇಂಚು. ಈ ಲೆಕ್ಕದಲ್ಲಿ ಮೌರಿಟೇನಿಯಾ ಹದಿನಾರೂವರೆ ಅಡಿಯಾಗುತ್ತದೆ. ಅದು ಟಿಕೆಟ್ ಕಚೇರಿಗೋ ವಸ್ತುಸಂಗ್ರಹಾಲಯಕ್ಕೋ ಸರಿ. ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಸಂಸ್ಥೆ 1:1200ರಲ್ಲಿ ಅಂಗೈಯಗಲದ ಹಡಗುಗಳನ್ನೂ ಮಾಡುತ್ತಿತ್ತು. ಮನೆಗೆ ಹೊಂದುವುದು 1:200. ನಾಲ್ಕಡಿಯೊಳಗೆ ಇಡೀ ಹಡಗು ಬರುತ್ತದೆ, ವಿವರವೂ ಉಳಿಯುತ್ತದೆ. ಆ ಅಳತೆಯಲ್ಲಿ ಒಂದು ಮೀಟರ್ ಎತ್ತರದ ಕಟಕಟೆ ಐದು ಮಿಲಿಮೀಟರ್, ಒಂದಡಿ ಅಗಲದ ದುಂಡು ಕಿಟಕಿ ಒಂದೂವರೆ ಮಿಲಿಮೀಟರ್. ಅಂಥ ಸಾವಿರಾರು ತುಣುಕುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸಬೇಕು. ತಿಂಗಳುಗಟ್ಟಲೆ ಸಮಯವೂ ಹಣವೂ ಹೋಗುವುದು ಇಲ್ಲೇ.

ಒಡಲಿಗೆ ಮರದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಅಡ್ಡಕೊಯ್ತದ ನಕ್ಷೆಯಿಂದ ಕತ್ತರಿಸಿದ ಅಚ್ಚು ಹಿಡಿದು ಕೆತ್ತುತ್ತಾರೆ; ಫೈಬರ್‌ಗ್ಲಾಸ್‌ನಲ್ಲಿ ಎರಕ ಹೊಯ್ಯುವುದೂ ಉಂಟು. ಕಟಕಟೆ, ಏಣಿಗಳನ್ನು ತೆಳು ಹಿತ್ತಾಳೆ ಹಾಳೆಯಲ್ಲಿ ಆಮ್ಲದಿಂದ ಕೊರೆದು ತೆಗೆಯುತ್ತಾರೆ. ಹಣವನ್ನು ಕಂತುಗಳಲ್ಲಿ ಕೊಡುವುದು ಕ್ಷೇಮ. ಬಣ್ಣ ಬಳಿಯುವ ಮುನ್ನ ಒಡಲನ್ನು ನಕ್ಷೆಯೊಡನೆ ತಾಳೆ ನೋಡುವ ಮಾತು ಒಪ್ಪಂದದಲ್ಲೇ ಇರಲಿ, ಬಣ್ಣದ ಮೇಲೆ ತಿದ್ದುಪಡಿ ಕಷ್ಟ.

ಗಾಜಿನ ಪೆಟ್ಟಿಗೆಯ ಚೌಕಟ್ಟಿಗೆ ಓಕ್ ಮರ ಬೇಡ. ಅದು ಹೊರಬಿಡುವ ಆಮ್ಲದ ಆವಿಗೆ ಸೀಸದ ಬಿಡಿಭಾಗಗಳು ಬಿಳಿ ಪುಡಿಯಾಗಿ ಉದುರುತ್ತವೆ. ಬಿಸಿಲು ಬೀಳುವ ಕಿಟಕಿಯಿಂದಲೂ ಪೆಟ್ಟಿಗೆ ದೂರವಿರಬೇಕು.